ಬೀದರ ಸೀಮೆಯ ಸಂಘಗಳೂ ಊರಾಳ್ವಿಕೆಯೂ



ಊರಿನ ಆಡಳಿತದ ಚರಿತ್ರೆಯನ್ನು ಬರೆಯಹೊರಟ ವಿದ್ವಾಂಸರು ಸಾಮಾನ್ಯವಾಗಿ ಶಾಸನಗಳಿಂದ ಆರಂಭಿಸುವರು. ಇಂತಹ ವರ್ಷದಲ್ಲಿ ಇಂತಹ ಅಧಿನಿಯಮವು ಬಂದಿತು, ಇಷ್ಟು ಸ್ಥಾನಗಳು ಮೀಸಲಾದವು, ಇಷ್ಟು ಅಧಿಕಾರಗಳು ಕೆಳಗಿಳಿದುವು ಎಂದು ಪಟ್ಟಿ ಮಾಡಿ, ಪಟ್ಟಿ ಮುಗಿದೊಡನೆ ಚರಿತ್ರೆಯೂ ಮುಗಿಯಿತೆಂದು ಲೇಖನಿಯನ್ನು ಕೆಳಗಿಡುವರು. ಬೀದರ, ಭಾಲ್ಕಿ, ಔರಾದಗಳ ಈ ಗಡಿಸೀಮೆಯಲ್ಲಿ ಬೆಳೆದು, ಸಂಘಸಂಸ್ಥೆಗಳ ಹಳೆಯ ನಡಾವಳಿ ಪುಸ್ತಕಗಳು ಕೈಗೆ ಸಿಕ್ಕಲ್ಲಿ ಬಿಡದೆ ಓದುವ ಚಟವನ್ನು ಅಂಟಿಸಿಕೊಂಡ ನನಗೆ ಆ ಕ್ರಮವು ಎಂದಿಗೂ ರುಚಿಸಲಿಲ್ಲ. ಮತದಾನದ ಹಕ್ಕು ನಮಗೆ ಮೇಲಿನಿಂದ ಬಂದುದು ನಿಜ. ಆದರೆ ಆ ಹಕ್ಕನ್ನು ಬಳಸುವ ವಿದ್ಯೆ, ಎಂದರೆ ಸಭೆ ಸೇರುವುದು, ಸರದಿಯಿಂದ ಮಾತಾಡುವುದು, ಒಪ್ಪದವನ ಮಾತನ್ನೂ ಕೊನೆತನಕ ಕೇಳುವುದು, ಕೂಡಿಸಿದ ಹಣಕ್ಕೆ ಲೆಕ್ಕ ಒಪ್ಪಿಸುವುದು, ಇವನ್ನು ನಮ್ಮ ಜನ ಕಲಿತದ್ದು ಸರ್ಕಾರದಿಂದಲ್ಲ, ತಾವೇ ಕಟ್ಟಿಕೊಂಡ ಸಂಘಗಳಿಂದ. ಈ ಒಂದು ಮಾತನ್ನು ನಿಮ್ಮ ಮುಂದೆ ಬಿಡಿಸಿ ಹೇಳುವುದಕ್ಕಾಗಿಯೇ ಇಂದಿನ ಈ ಭಾಷಣ.

ಈ ಮಾತನ್ನು ಮೊದಲು ಆಡಿದವನು ನಾನಲ್ಲ. 1831ರಲ್ಲಿ ಟಾಕ್ವಿಲ್ ಎಂಬ ಫ್ರೆಂಚ್ ತರುಣನೊಬ್ಬನು ಅಮೆರಿಕೆಯ ಸೆರೆಮನೆಗಳನ್ನು ಪರೀಕ್ಷಿಸಿ ಬರುವ ಸರ್ಕಾರೀ ಕಾರ್ಯದ ಮೇಲೆ ಆ ದೇಶಕ್ಕೆ ಹೋದನು. ಅಲ್ಲಿಯ ಜನ ಶಾಲೆಯಾಗಬೇಕಾದರೂ, ಆಸ್ಪತ್ರೆಯಾಗಬೇಕಾದರೂ, ಪುಸ್ತಕ ಹಂಚಬೇಕಾದರೂ ಅರಸನ ಅಥವಾ ಧನಿಕನ ಬಾಗಿಲು ಬಡಿಯದೆ ತಾವೇ ಹತ್ತು ಮಂದಿ ಸೇರಿ ಸಂಘ ಕಟ್ಟುವುದನ್ನು ಕಂಡು ಬೆರಗಾಗಿ, 1835ರಲ್ಲಿ ಮೊದಲ ಭಾಗವು ಹೊರಬಂದ ತನ್ನ ಗ್ರಂಥದಲ್ಲಿ, ಪ್ರಜಾಪ್ರಭುತ್ವದ ಬೇರು ಇಲ್ಲಿದೆಯೆಂದು ಸಾರಿದನು. ಆದರೆ ಟಾಕ್ವಿಲನು ಕಂಡ ಅಮೆರಿಕೆಯಲ್ಲಿ ಬಿಳಿಯರು ಸಭೆ ಸೇರುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ನಮ್ಮ ಸೀಮೆಯ ಕಥೆ ಬೇರೆ. ಇಲ್ಲಿ ಸಂಘ ಕಟ್ಟುವುದೆಂದರೆ ಸರ್ಕಾರದ ಕಣ್ಣಿಗೆ ಬೀಳುವುದು, ಕಣ್ಣಿಗೆ ಬೀಳುವುದೆಂದರೆ ಕಾರಾಗೃಹದ ದಾರಿ ಹಿಡಿಯುವುದು ಎಂಬಂತಹ ಕಾಲದಲ್ಲಿ ಸಂಘಗಳು ಹುಟ್ಟಿದುವು. ಆದುದರಿಂದಲೇ ಅವುಗಳ ಕಥೆ ನನಗೆ ಅಷ್ಟು ಪ್ರಿಯವಾದುದು.

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯದೆ ಈ ಜಿಲ್ಲೆಯಲ್ಲಿ ಯಾವ ಭಾಷಣವೂ ಮುಂದುವರಿಯುವುದಿಲ್ಲ. ಕಾಯಕಜೀವಿಗಳೂ ಸ್ತ್ರೀಯರೂ ಅಂತ್ಯಜರೆನಿಸಿಕೊಂಡವರೂ ಸಮಾನವಾಗಿ ಕುಳಿತು ಪ್ರಶ್ನೆ ಕೇಳಿದ ಅನುಭವಮಂಟಪವೆಂಬ ಗೋಷ್ಠಿಯೊಂದು ಈ ನೆಲದಲ್ಲಿ ನಡೆಯಿತೆಂಬ ಸ್ಮೃತಿಯು ಮುಂದೆ ಎಂಟು ಶತಮಾನಗಳ ಅನಂತರವೂ ಇಲ್ಲಿಯವರಿಗೆ ಧೈರ್ಯ ಕೊಟ್ಟಿತೆಂಬುದನ್ನಷ್ಟೇ ಹೇಳಿ, ಬಹಮನಿಯರನ್ನೂ ಬರೀದಶಾಹಿಯನ್ನೂ ಮೊಗಲರನ್ನೂ ಒಂದೇ ಉಸಿರಿನಲ್ಲಿ ದಾಟಿ, ನಿಜಾಮರ ಆಳ್ವಿಕೆಗೆ ಬರೋಣ.

ನಿಜಾಮರ ಕಾಲದಲ್ಲಿಯೂ ಹೆಸರಿಗೆ ಸ್ಥಳೀಯ ಮಂಡಳಿಗಳಿದ್ದುವು. ಆದರೆ ಅವುಗಳ ಅಧ್ಯಕ್ಷಪೀಠದಲ್ಲಿ ಸರ್ಕಾರದ ಅಧಿಕಾರಿಗಳಾದ ತಾಲ್ಲೂಕುದಾರರು ವಿರಾಜಮಾನರಾಗಿರುತ್ತಿದ್ದರು. ಸದಸ್ಯರಲ್ಲಿ ಬಹುಭಾಗ ನಾಮಕರಣದಿಂದ ಬಂದವರು. ರೈತನಿಗೂ ಆ ಮಂಡಳಿಗೂ ಇದ್ದ ಸಂಬಂಧವೆಂದರೆ ಅವನು ಕಂದಾಯದೊಡನೆ ತೆರುತ್ತಿದ್ದ ಕರವೊಂದೇ. ಇದಕ್ಕೆ ಸರಿಯಾಗಿ, ಅಪ್ಪಣೆಯಿಲ್ಲದೆ ಸಾರ್ವಜನಿಕ ಸಭೆ ಸೇರಕೂಡದೆಂಬ ಕುಖ್ಯಾತ ಸುತ್ತೋಲೆಯೊಂದು ಹೈದರಾಬಾದ್ ಸಂಸ್ಥಾನದಲ್ಲೆಲ್ಲ ಜಾರಿಯಲ್ಲಿದ್ದಿತು. 'ಗಸ್ತಿ ನಿಶಾನ್ ತಿರಪನ್', ಎಂದರೆ ಐವತ್ತಮೂರನೆಯ ಸುತ್ತೋಲೆ, ಎಂದು ಹಳಬರು ಈಗಲೂ ಹಲ್ಲು ಕಡಿದು ಉಚ್ಚರಿಸುವುದು ಅದನ್ನೇ. ಖಾಸಗಿ ಶಾಲೆ ತೆರೆಯುವುದಕ್ಕೂ ಅಪ್ಪಣೆ ಬೇಕು. ಆಡಳಿತದ ಭಾಷೆ ಉರ್ದು. ಉನ್ನತ ವಿದ್ಯೆಯ ಭಾಷೆಯೂ ಉರ್ದು. ಹೀಗಿರುವಲ್ಲಿ ಜನರು ಎಲ್ಲಿ ಕೂಡಬೇಕು? ಭಜನೆಯಲ್ಲಿ ಕೂಡಿದರು, ಪುರಾಣ ಪ್ರವಚನದಲ್ಲಿ ಕೂಡಿದರು, ತಾಲೀಮಿನ ಮನೆಯಲ್ಲಿ, ವಾಚನಾಲಯದಲ್ಲಿ, ಜಾತ್ರೆಯಲ್ಲಿ ಕೂಡಿದರು.

ಭಜನಾ ಮಂಡಳಿಯೆಂದರೆ ನಗುವವರುಂಟು. ನಗಬೇಡಿರಿ. ತಾಳ, ದಪ್ಪು, ಹಾರ್ಮೋನಿಯಂ ಕೊಳ್ಳಲು ಮನೆಮನೆಗೆ ತಿರುಗಿ ಪಟ್ಟಿ ಎತ್ತಬೇಕು. ಎತ್ತಿದ ಪಟ್ಟಿಗೆ ಒಬ್ಬನು ಲೆಕ್ಕ ಬರೆಯಬೇಕು. ಹಾಡುವ ಸರದಿಯನ್ನು ಜಗಳವಾಗದಂತೆ ಗೊತ್ತುಮಾಡಬೇಕು. ಊರ ಗೌಡನ ಮಗನೂ ಕಂಬಾರನ ಮಗನೂ ಒಂದೇ ತಾಳಕ್ಕೆ ಬೀಳಬೇಕು. ರಾಬರ್ಟ್ ಪಟ್ನಮ್ ಎಂಬ ಅಮೆರಿಕನ್ ಪಂಡಿತನು ಇಟಲಿಯ ಪ್ರಾಂತ ಸರ್ಕಾರಗಳನ್ನು ಇಪ್ಪತ್ತು ವರ್ಷಗಳ ಕಾಲ ಅಭ್ಯಾಸಮಾಡಿ, ಎಲ್ಲಿ ಗಾಯನಮಂಡಳಿಗಳೂ ಕಾಲ್ಚೆಂಡಿನ ಸಂಘಗಳೂ ಹೆಚ್ಚಾಗಿರುವುವೋ ಅಲ್ಲಿ ಆಡಳಿತವೂ ಚೊಕ್ಕಟವಾಗಿರುವುದೆಂದು 1993ರಲ್ಲಿ ಗ್ರಂಥ ಬರೆದನು. ನಮ್ಮ ಹಳ್ಳಿಯ ಭಜನೆಯವರಿಗೆ ಈ ಸಂಗತಿಯನ್ನು ಯಾರೂ ಹೇಳಲಿಲ್ಲ. ಹೇಳಿದ್ದರೆ ಅವರು ಇನ್ನೂ ಎತ್ತರದ ಸ್ವರದಲ್ಲಿ ಹಾಡುತ್ತಿದ್ದರೋ ಏನೋ!

ಮೂವತ್ತರ ದಶಕದಲ್ಲಿ ಸಂಸ್ಥಾನದ ಮೂರು ಭಾಷೆಯ ಜನರೂ ತಮ್ಮ ತಮ್ಮ ವೇದಿಕೆಗಳನ್ನು ಕಟ್ಟಿಕೊಂಡಿದ್ದರು: ತೆಲುಗರಿಗೆ ಆಂಧ್ರ ಮಹಾಸಭೆ, ಮರಾಠಿಗರಿಗೆ ಮಹಾರಾಷ್ಟ್ರ ಪರಿಷತ್ತು, ನಮಗೆ ಕರ್ನಾಟಕ ಪರಿಷತ್ತು. ಆಗಿನ ಬೀದರ ಜಿಲ್ಲೆಯು ಉದಗೀರ, ಅಹಮದಪುರ, ನಿಲಂಗಾ, ಜಹೀರಾಬಾದು, ನಾರಾಯಣಖೇಡಗಳನ್ನೂ ಒಳಗೊಂಡು ಹರಡಿದ್ದುದರಿಂದ ಈ ಮೂರು ಚಳವಳಿಗಳ ಗಾಳಿಯೂ ಒಂದೇ ಜಿಲ್ಲೆಯ ಮೇಲೆ ಬೀಸಿತು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸು ಹುಟ್ಟಿದೊಡನೆ ನಿಷಿದ್ಧವಾಯಿತು; ಆ ನಿಷೇಧ ತೆರವಾದದ್ದು 1946ರಲ್ಲಿ. ಅದೇ 1938ರ ಕೊನೆಯಲ್ಲಿ ಆರ್ಯಸಮಾಜದ ಮುಂದಾಳು, ಉದಗೀರದ ವಕೀಲ ಭಾಯಿ ಶ್ಯಾಮಲಾಲರು ಬೀದರದ ಕಾರಾಗೃಹದಲ್ಲಿ ಅಸುನೀಗಿದರು. ಸಂಘಕ್ಕೆ ಸೇರುವುದರ ಬೆಲೆ ಆಗ ಇಂತಹದಾಗಿದ್ದಿತು.

ಇನ್ನು ನಾನು ಯಾರ ಹೆಸರನ್ನು ಹೇಳಲು ಇಷ್ಟು ಹೊತ್ತು ಕಾದಿದ್ದೆನೋ ಆ ಮಹನೀಯರ ಬಳಿಗೆ ಬರುವೆನು. ಔರಾದ ಸೀಮೆಯ ಕಮಲನಗರದಲ್ಲಿ 1890ರಲ್ಲಿ ಹುಟ್ಟಿ, ಭಾಲ್ಕಿಯ ಹಿರೇಮಠದ ಪೀಠವನ್ನೇರಿ, ನೂರೆಂಟು ವರ್ಷಗಳ ತುಂಬುಬಾಳನ್ನು ಬಾಳಿ 1999ರಲ್ಲಿ ಲಿಂಗೈಕ್ಯರಾದ ಡಾಕ್ಟರ್ ಚನ್ನಬಸವ ಪಟ್ಟದ್ದೇವರು ಅವರು. ಮಠಾಧಿಪತಿಗಳ ಹೆಸರು ಊರಾಳ್ವಿಕೆಯ ಚರಿತ್ರೆಯಲ್ಲಿ ಏಕೆ ಬರಬೇಕೆಂದು ಕೇಳುವಿರಾ? ಹೇಳುತ್ತೇನೆ, ಕೇಳಿರಿ.

ಗಡಿನಾಡಿನ ಮಕ್ಕಳು ತಾಯ್ನುಡಿಯಲ್ಲಿ ಒಂದಕ್ಷರವನ್ನೂ ಕಲಿಯದೆ ಬೆಳೆಯುತ್ತಿರುವುದನ್ನು ಕಂಡು ಅವರಿಗೆ ಸಂಕಟವಾಯಿತು. ಕನ್ನಡ ಶಾಲೆಯನ್ನು ತೆರೆಯೋಣವೆಂದರೆ ಅಪ್ಪಣೆ ಸಿಕ್ಕುವಂತಿರಲಿಲ್ಲ. ಆಗ ಅವರು ಕೈಕೊಂಡ ಉಪಾಯವನ್ನು ಭಾಲ್ಕಿಯಲ್ಲಿ ಇಂದಿಗೂ ಮಕ್ಕಳು ಕೂಡ ಬಲ್ಲರು: ಬಾಗಿಲಿನ ಮೇಲೆ ಉರ್ದು ಬೋರ್ಡು, ಬಾಗಿಲಿನ ಒಳಗೆ ಕನ್ನಡ ಪಾಠ! ಈ ಕಥೆಯನ್ನು ಕೇಳಿದವರೆಲ್ಲರೂ ಸ್ವಾಮಿಗಳ ಚಾತುರ್ಯವನ್ನು ಹೊಗಳಿ ಸುಮ್ಮನಾಗುವರು. ನನಗಾದರೋ ಆ ಬೋರ್ಡಿಗಿಂತಲೂ ಅದರ ಹಿಂದೆ ನಡೆದಿರಬೇಕಾದ ಕೆಲಸವೇ ಹೆಚ್ಚು ಸ್ವಾರಸ್ಯವಾಗಿ ತೋರುವುದು. ಒಂದು ಊರಿನ ಮಕ್ಕಳೆಲ್ಲ ಒಳಗೆ ಕನ್ನಡ ಓದುತ್ತಿರುವಾಗ, ಆ ಗುಟ್ಟು ತಹಸೀಲಿನ ದಫ್ತರದ ತನಕ ಮುಟ್ಟದಂತೆ ಕಾಪಾಡುವುದು ಒಬ್ಬ ಸ್ವಾಮಿಯಿಂದ ಆಗುವ ಮಾತಲ್ಲ. ಅದಕ್ಕೆ ಊರಿಗೆ ಊರೇ ಒಂದು ಮಾತಿನ ಮೇಲೆ ನಿಲ್ಲಬೇಕು. ಶಿಕ್ಷಕನಿಗೆ ಸಂಬಳ ಹೊಂದಿಸುವವರಾರು, ಪರಸ್ಥಳದ ಹುಡುಗರಿಗೆ ರೊಟ್ಟಿಯ ವ್ಯವಸ್ಥೆ ಹೇಗೆ, ಪರೀಕ್ಷಾಧಿಕಾರಿ ಬಂದರೆ ಮುಂದೆ ನಿಂತು ಮಾತಾಡುವವರಾರು, ಇಷ್ಟನ್ನೂ ಗೊತ್ತುಮಾಡಿಕೊಳ್ಳದೆ ಅಂತಹ ಶಾಲೆ ಒಂದು ತಿಂಗಳೂ ನಡೆಯಲಾರದು. ಯಾವ ಕಾಯಿದೆಯೂ ಮಾನ್ಯಮಾಡದ, ಯಾವ ದಫ್ತರದಲ್ಲಿಯೂ ಹೆಸರಿಲ್ಲದ ಒಂದು ಊರಾಳ್ವಿಕೆ ಅಲ್ಲಿ ನಡೆದಿದ್ದಿತು ಎಂದರೆ ಅತಿಶಯೋಕ್ತಿಯಾಗದು.

ಜೋಳಿಗೆ ಹಿಡಿದು ಹಳ್ಳಿಹಳ್ಳಿ ತಿರುಗಿ ಕೂಡಿಸಿದ ದವಸದಿಂದ ಪ್ರಸಾದನಿಲಯ ನಡೆಯಿತು. ಅಲ್ಲಿಯ ಪಂಕ್ತಿಯಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ಸ್ಥಾನ ದೊರೆಯಿತು. ಸಂಪ್ರದಾಯಸ್ಥರಿಗೆ ಇದು ಹಿತವಾಗಿ ತೋರುವ ಕಾಲವಲ್ಲ ಅದು. ಆದರೂ ಪಟ್ಟದ್ದೇವರು ಪಂಕ್ತಿಯನ್ನು ಒಡೆಯಲಿಲ್ಲ. ಮಗ್ಗುಲಲ್ಲಿ ಕುಳಿತು ಉಂಡವನನ್ನು ಮುಂದೆ ಸಭೆಯಲ್ಲಿ ಎದ್ದು ಹೋಗೆನ್ನುವುದು ಕಷ್ಟ. ಮತಪತ್ರ ಕೈಗೆ ಬರುವುದಕ್ಕೆ ಎಷ್ಟೋ ಮೊದಲು ಕಲಿಯಬೇಕಾದ ಪಾಠವಿದು. ಅದನ್ನು ಭಾಲ್ಕಿಯ ಮಠವು ಊಟದ ಎಲೆಯ ಮುಂದೆ ಕಲಿಸಿತು. ಶಾಂತಿವರ್ಧಕ ವಿದ್ಯಾಸಂಸ್ಥೆಯನ್ನು ಬೆಳೆಸಿದವರು ಅವರು. ಬಸವಕಲ್ಯಾಣದಲ್ಲಿ ಅನುಭವಮಂಟಪದ ಭವನವನ್ನು ಎಬ್ಬಿಸಲು ಜೋಳಿಗೆ ಹಿಡಿದವರೂ ಅವರೇ.

ಹೀಗೆ ಹೊಗಳುತ್ತ ಹೋಗುವಾಗ ಇನ್ನೊಂದು ಸಂಗತಿಯನ್ನು ಮರೆಮಾಚಿದರೆ ನನ್ನ ಮಾತು ಪೊಳ್ಳಾದೀತು. ಜನರು ತಾವೇ ಸೇರಿದುದೆಲ್ಲವೂ ಸತ್ಸಂಗವಲ್ಲ. ನಿಜಾಮರ ಪರವಾಗಿ ನಿಂತ ಕಾಸಿಂ ರಜ್ವಿಯ ರಜಾಕಾರರೂ ಸ್ವಯಂಸೇವಕರ ದಳವೇ ಆಗಿದ್ದರು. ಅವರೂ ಕವಾಯತು ಮಾಡಿದರು, ವಂತಿಗೆ ಎತ್ತಿದರು. ಅವರ ದೆಸೆಯಿಂದ ಈ ಜಿಲ್ಲೆಯ ಹಳ್ಳಿಗಳು ಪಟ್ಟ ಪಾಡು ಎಲ್ಲರಿಗೂ ಗೊತ್ತು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನವು ಭಾರತಕ್ಕೆ ಶರಣಾದ ಮೇಲೆ ನಿರಪರಾಧಿಗಳಾದ ಮುಸಲ್ಮಾನರ ಮೇಲೆ ನಡೆದ ಪ್ರತೀಕಾರವೂ ಅಷ್ಟೇ ಭೀಕರವಾಗಿದ್ದಿತು. ಅದನ್ನು ವಿಚಾರಿಸಲು ಬಂದ ಪಂಡಿತ ಸುಂದರಲಾಲರ ಸಮಿತಿಯು ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರವನ್ನೂ ಎಣಿಸಿತು. ಹಾಗಾದರೆ ಒಳ್ಳೆಯ ಸಂಘವನ್ನು ಗುರುತಿಸುವುದೆಂತು? ನನಗೆ ತೋರಿದ ಲಕ್ಷಣಗಳು ಎರಡೇ: ತನ್ನವನಲ್ಲದವನಿಗೂ ಪಂಕ್ತಿಯಲ್ಲಿ ಎಡೆಕೊಡುವುದು, ಕೇಳಿದವರ ಮುಂದೆ ಲೆಕ್ಕದ ಪುಸ್ತಕವನ್ನು ಬಿಚ್ಚಿ ಇಡುವುದು.

1952ರ ಮಹಾಚುನಾವಣೆಯಲ್ಲಿ ಬೀದರ ಸೀಮೆಯ ವಯಸ್ಕರೆಲ್ಲರಿಗೂ ಮೊದಲ ಬಾರಿಗೆ ಮತ ಹಾಕುವ ಹಕ್ಕು ದೊರೆಯಿತು. ಹೈದರಾಬಾದು ರಾಜ್ಯದಲ್ಲಿ ಆಗ ಅಕ್ಷರ ಬಲ್ಲವರು ನೂರಕ್ಕೆ ಹತ್ತರೊಳಗೆ ಎಂಬುದನ್ನು ನೆನೆದರೆ, ಆ ಚುನಾವಣೆ ಸುಸೂತ್ರವಾಗಿ ನಡೆದುದೇ ಒಂದು ಅದ್ಭುತ. ಮರುವರ್ಷ, 1953ರಲ್ಲಿ, ಭಾಲ್ಕಿಯ ಪುರಸಭೆಗೆ ಮೊದಲ ಅಧ್ಯಕ್ಷರಾಗಿ ಬಂದವರು ಭೀಮಣ್ಣ ಖಂಡ್ರೆಯವರು. ನಿಜಾಮರ ವಿರುದ್ಧದ ಮುಕ್ತಿಸಂಗ್ರಾಮದಲ್ಲಿ ಪಳಗಿದ ಯುವಕ ವಕೀಲರು, ಮುಂದೆ ವಿದ್ಯಾಸಂಸ್ಥೆ, ಸಹಕಾರ, ಸಕ್ಕರೆ ಕಾರ್ಖಾನೆಗಳಿಂದ ವಿಧಾನಸಭೆ, ಮಂತ್ರಿಪದವಿಗಳ ತನಕ ನಡೆದವರು. ಚಳವಳಿಯಿಂದ ಪುರಸಭೆಗೆ, ಪುರಸಭೆಯಿಂದ ರಾಜಕಾರಣಕ್ಕೆ ಎಂಬ ದಾರಿ ಹೀಗೆ ತೆರೆಯಿತು. 1956ರ ನವೆಂಬರ್ 1ರಂದು ಹಳೆಯ ಜಿಲ್ಲೆಯು ಮೂರು ರಾಜ್ಯಗಳಿಗೆ ಹಂಚಿಹೋಗಿ, ಬೀದರ, ಭಾಲ್ಕಿ, ಔರಾದ, ಹುಮನಾಬಾದ, ಬಸವಕಲ್ಯಾಣಗಳು ವಿಶಾಲ ಮೈಸೂರಿಗೆ ಸೇರಿದುವು. 1960ರಲ್ಲಿ ಡಿ.ಎಲ್. ನರಸಿಂಹಾಚಾರ್ಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಬೀದರದಲ್ಲಿಯೇ ಕೂಡಿತು. ಒಂದು ಕಾಲಕ್ಕೆ ಬೋರ್ಡಿನ ಹಿಂದೆ ಅಡಗಿದ್ದ ನುಡಿಯು ಬಯಲಿನಲ್ಲಿ ಚಪ್ಪರ ಹಾಕಿಕೊಂಡು ಕುಳಿತಿತು.

ಏಕೀಕರಣದ ಅನಂತರದ ಕಾಯಿದೆಗಳ ಕಥೆಯನ್ನು ಬೇಗ ಮುಗಿಸಿಬಿಡುವೆನು. 1959ರ ಪಂಚಾಯಿತಿ ಕಾಯಿದೆ. ಮಂತ್ರಿ ಅಬ್ದುಲ್ ನಜೀರ್ ಸಾಬರ ಕನಸಿನ 1983ರ ಕಾಯಿದೆ, ಅದರಲ್ಲಿ ಸ್ತ್ರೀಯರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನ, ಅದರನ್ವಯ 1987ರ ಚುನಾವಣೆ. ಸಂವಿಧಾನದ 73ನೆಯ ತಿದ್ದುಪಡಿಯನ್ನು ಅನುಸರಿಸಿ ಬಂದ 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ. 2010ರಲ್ಲಿ ಸ್ತ್ರೀಯರಿಗೆ ಅರ್ಧದಷ್ಟು ಸ್ಥಾನ. ಇವೆಲ್ಲವೂ ಬೆಂಗಳೂರಿನಿಂದಲೂ ದಿಲ್ಲಿಯಿಂದಲೂ ಬಂದುವು. ಕುರ್ಚಿಗಳನ್ನು ಕಳಿಸಿದವರು ಅವರು. ಆದರೆ ಸ್ತ್ರೀಯರು ಆ ಕುರ್ಚಿಯ ಮೇಲೆ ಕುಳಿತು ಬಾಯಿ ಬಿಡುವಂತೆ ಮಾಡಿದ್ದು ಯಾವುದು?

ಈ ಪ್ರಶ್ನೆಗೆ ಉತ್ತರವು ಔರಾದ ಸೀಮೆಯ ಹಳ್ಳಿಗಳಲ್ಲಿ, ಜಮಖಾನದ ಮೇಲೆ ದುಂಡಗೆ ಕುಳಿತ ಸ್ತ್ರೀಯರ ನಡುವೆ ದೊರೆಯುವುದು. ಸ್ವಸಹಾಯ ಸಂಘಗಳ ಮೂಲವನ್ನು ಹುಡುಕುವವರು ಎಂಬತ್ತರ ದಶಕದಲ್ಲಿ ಮೈರಾಡ ಸಂಸ್ಥೆಯು ಕರ್ನಾಟಕದಲ್ಲಿ ಮಾಡಿದ ಪ್ರಯೋಗಗಳನ್ನೂ, ಅವುಗಳಿಂದ ಕಲಿತು ನಬಾರ್ಡ್ ಬ್ಯಾಂಕು 1992ರಲ್ಲಿ ದೇಶದಲ್ಲೆಲ್ಲ ಐನೂರು ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸಲು ಹೊರಟುದನ್ನೂ ಹೇಳುವರು. ಆ ಬೀಜವು ಬೀದರದ ನೆಲದಲ್ಲಿ ಬಿದ್ದು ಹುಲುಸಾಗಿ ಬೆಳೆದುದಕ್ಕೆ ಕಾರಣ ಇಲ್ಲಿಯ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು. ಅದರ ಚುಕ್ಕಾಣಿಯನ್ನು ದೀರ್ಘಕಾಲ ಹಿಡಿದವರು, ಔರಾದ ತಾಲ್ಲೂಕಿನ ನಾಗಮಾರಪಳ್ಳಿಯ ಗುರುಪಾದಪ್ಪನವರು, ಔರಾದ ಕ್ಷೇತ್ರದಿಂದ ಅನೇಕ ಸಲ ವಿಧಾನಸಭೆಗೆ ಆಯ್ಕೆಯಾದವರು. ಜಿಲ್ಲೆಯ ಸಹಕಾರಿ ಬ್ಯಾಂಕೊಂದು ಒತ್ತೆಯಿಡಲು ಏನೂ ಇಲ್ಲದ ಹೆಂಗಸರನ್ನು ನಂಬಿ ಸಾಲ ಕೊಡುವುದೆಂದರೆ ಆಗ ಸಣ್ಣ ಮಾತಾಗಿರಲಿಲ್ಲ. ಬೀದರವನ್ನು ನೋಡಲು ದೂರದೂರದಿಂದ ಬ್ಯಾಂಕಿನವರು ಬಂದರು.

ನಾನು ಕಂಡ ಒಂದು ಸಭೆಯನ್ನು ವರ್ಣಿಸುತ್ತೇನೆ. ಹೊಲದ ಕೆಲಸ ಮುಗಿದು ರೊಟ್ಟಿ ಬಡಿಯುವುದಕ್ಕೆ ಮೊದಲಿನ ಹೊತ್ತು. ನಡುವೆ ಒಂದು ತಗಡಿನ ಪೆಟ್ಟಿಗೆ. ಪೆಟ್ಟಿಗೆ ಒಬ್ಬಾಕೆಯ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬಾಕೆಯ ಸೆರಗಿನ ಗಂಟಿನಲ್ಲಿ. ಹೋದ ವಾರದ ನಡಾವಳಿಯನ್ನು ಹೈಸ್ಕೂಲಿಗೆ ಹೋಗುವ ಹುಡುಗಿಯೊಬ್ಬಳು ಗಟ್ಟಿಯಾಗಿ ಓದಿದಳು. ಓದು ಮುಗಿಯುವ ತನಕ ಯಾರೂ ಪಿಟ್ಟೆನ್ನಲಿಲ್ಲ. ಅಷ್ಟರಲ್ಲಿ ಪಂಚಾಯಿತಿಯ ಸದಸ್ಯರೊಬ್ಬರ ಹೆಂಡತಿ ತಡವಾಗಿ ಬಂದು, ಮನೆಗೆ ಬೀಗರು ಬಂದಿದ್ದರೆಂದು ಹೇಳಿ, ತಡಕ್ಕೆ ವಿಧಿಸುವ ದಂಡದಿಂದ ಪಾರಾಗಲು ನೋಡಿದರು. ಸಂಘದ ಅಧ್ಯಕ್ಷೆ, ಕೂಲಿ ಮಾಡಿ ಬದುಕುವ ಹಿರಿಯಾಕೆ, ಮುಖವೆತ್ತದೆ ಹೇಳಿದಳು: "ಮೆಂಬರನ ಹೇಣ್ತಿ ಆದ್ರೇನಾಯ್ತು ತಂಗೀ, ದಂಡ ಅಂದ್ರ ದಂಡ. ಇಲ್ಲಿ ಎಲ್ಲಾರ್ದೂ ಒಂದೇ ಪುಸ್ತಕ ಅದ." ಸದಸ್ಯರ ಪತ್ನಿ ನಕ್ಕು ನಾಣ್ಯ ಹಾಕಿದರು. ಕಾನೂನಿನ ಮುಂದೆ ಎಲ್ಲರೂ ಸಮಾನರೆಂಬ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಯಾವ ಗ್ರಂಥದಲ್ಲಿಯೂ ಓದಿಲ್ಲ.

ಇಂತಹ ಸಭೆಗಳಲ್ಲಿ ಸಹಿ ಹಾಕಲು ಕಲಿತವರು ಗ್ರಾಮಸಭೆಗೆ ಹೋದಾಗ ಬಾಗಿಲ ಬಳಿ ಸೆರಗು ಹೊದ್ದು ನಿಲ್ಲಲಿಲ್ಲ. ಕೊಳವೆಬಾವಿ ಯಾರ ಗಲ್ಲಿಗೆ ಹೋಯಿತು, ಮನೆಗಳ ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಯಿತು, ಉದ್ಯೋಗಖಾತ್ರಿಯ ಕೂಲಿ ಎಲ್ಲಿ ನಿಂತಿತು ಎಂದು ಕೇಳಿದರು. ಅವರಲ್ಲಿ ಕೆಲವರು ತಾವೇ ಸ್ಪರ್ಧಿಸಿ ಸದಸ್ಯೆಯರಾದರು. ಈಗ ಸಂಜೀವಿನಿ ಯೋಜನೆಯಡಿಯಲ್ಲಿ ಈ ಸಂಘಗಳು ಪಂಚಾಯಿತಿ ಮಟ್ಟದ ಒಕ್ಕೂಟಗಳಾಗಿ, ಊರಿನ ಕಸ ಸಾಗಿಸುವ ವಾಹನವನ್ನು ಕೂಡ ಸ್ತ್ರೀಯರೇ ನಡೆಸುವಷ್ಟರ ಮಟ್ಟಿಗೆ ಬಂದಿರುವುವು.

ಬೀದರ ನಗರದ ಕಡೆಗೂ ಒಮ್ಮೆ ಕಣ್ಣು ಹಾಯಿಸೋಣ. ಬಹಮನಿಯರ ಕಾಲದಲ್ಲಿ ಜಂಬಿಟ್ಟಿಗೆಯ ನೆಲದೊಳಗೆ ಕೊರೆದು ನೀರು ಹರಿಸಿದ ಸುರಂಗಬಾವಿಗಳು, ಎಂದರೆ ಕರೇಜುಗಳು, ಹೂಳು ತುಂಬಿ, ಮೇಲೆ ಕಸ ಸುರಿಯಲ್ಪಟ್ಟು, ನಗರದವರ ನೆನಪಿನಿಂದಲೇ ಜಾರಿಹೋಗಿದ್ದುವು. ಅವುಗಳನ್ನು ಮತ್ತೆ ಬೆಳಕಿಗೆ ತರುವುದರಲ್ಲಿ ಭೂಗೋಳಶಾಸ್ತ್ರಜ್ಞರೊಡನೆಯೂ ಜಿಲ್ಲಾಡಳಿತದೊಡನೆಯೂ ಕೈಜೋಡಿಸಿದವರಲ್ಲಿ ಟೀಮ್ ಯುವಾ ಎಂಬ ಊರಿನ ತರುಣರ ಗುಂಪೂ ಒಂದು. ಬರಗಾಲ ಬಡಿದಿದ್ದ ಆ ದಿನಗಳಲ್ಲಿ ಜಿಲ್ಲಾಧಿಕಾರಿಗಳಾಗಿದ್ದ ಅನುರಾಗ್ ತಿವಾರಿಯವರು ನೌಬಾದಿನ ಕರೇಜನ್ನೂ ಹಳೆಯ ಬಾವಿ ಕಲ್ಯಾಣಿಗಳನ್ನೂ ಶುದ್ಧಮಾಡಿಸುವ ಕಾರ್ಯಕ್ಕೆ ಕೈಹಾಕಿದಾಗ, ಸರ್ಕಾರದ ಹಣವೂ ನಾಗರಿಕರ ಉತ್ಸಾಹವೂ ಕೂಡಿಬಂದುವು. ಹಾರೆ ಹಿಡಿದು ಬಾವಿಗೆ ಇಳಿದ ತರುಣನು ಮುಂದೆ ಕೆರೆಯ ಅಂಗಳದಲ್ಲಿ ನಿವೇಶನ ಬಿದ್ದಾಗ ನಗರಾಡಳಿತವನ್ನು ಪ್ರಶ್ನಿಸದೆ ಇರಲಾರನು.

ಇಷ್ಟು ಹೇಳಿದ ಮೇಲೆ ನನ್ನ ವಿಷಾದವನ್ನೂ ಹೇಳಿಬಿಡುವೆನು. ಇಂದು ಸಂಘಗಳಿಗೆ ಬರವಿಲ್ಲ. ಗಲ್ಲಿಗೊಂದು ಯುವಕಸಂಘ, ಜಾತಿಗೊಂದು ಸಮಾಜ, ಮಹಾಪುರುಷರಿಗೊಂದು ಜಯಂತ್ಯುತ್ಸವ ಸಮಿತಿ. ಆದರೆ ಇವುಗಳಲ್ಲಿ ಹಲವು ಚುನಾವಣೆಯ ಋತುವಿನಲ್ಲಿ ಚಿಗುರಿ, ಮತದ ಲೆಕ್ಕ ಮುಗಿದೊಡನೆ ಒಣಗುವಂತಹವು. ಸಮುದಾಯಭವನವೊಂದನ್ನು ಮಂಜೂರು ಮಾಡಿಸಿಕೊಂಡು, ಅದಕ್ಕೆ ಪ್ರತಿಯಾಗಿ ಗಲ್ಲಿಯ ಮತಗಳನ್ನೆಲ್ಲ ಒಟ್ಟಿಗೆ ಒಪ್ಪಿಸುವುದೇ ಸಂಘದ ಧರ್ಮವೆಂದು ಬಗೆದವರಿರುವರು. ಸಹಕಾರಿ ಸಂಘದ ಆಡಳಿತಮಂಡಳಿಯು ಪಕ್ಷಗಳ ಕುಸ್ತಿಯ ಕಣವಾಗಿದೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನು ಬಸ್ಸು ತುಂಬಿ ಸಮಾವೇಶಗಳಿಗೆ ಸಾಗಿಸಿ, ಖಾಲಿ ಕುರ್ಚಿಗಳನ್ನು ತುಂಬಿಸುವುದನ್ನು ಕಂಡಾಗ ನನಗೆ ಆ ಕೂಲಿಯ ಅಧ್ಯಕ್ಷೆಯ ಮುಂದೆ ತಲೆತಗ್ಗಿಸುವಂತಾಗುವುದು. ಹಿಂದೆ ಸರ್ಕಾರವು ಸಂಘವನ್ನು ಹೆದರಿಸುತ್ತಿದ್ದಿತು, ಸಂಘ ಗಟ್ಟಿಯಾಯಿತು. ಈಗ ಓಲೈಸುತ್ತಿದೆ, ಸಂಘ ಸಡಿಲವಾಗುತ್ತಿದೆ.

ಆದರೂ ನಿರಾಶನಾಗುವ ಸ್ವಭಾವ ನನ್ನದಲ್ಲ. ಕಾಯಿದೆಯು ಗ್ರಾಮಸಭೆಯನ್ನು ಕೊಟ್ಟಿದೆ, ವಾರ್ಡುಸಭೆಯನ್ನು ಕೊಟ್ಟಿದೆ, ಪಂಚಾಯಿತಿಯ ಲೆಕ್ಕವನ್ನು ಜನರ ಮುಂದೆ ಓದುವ ಜಮಾಬಂದಿಯನ್ನು ಕೊಟ್ಟಿದೆ. ಹಿಂದಿನವರು ಕಂಡು ಕೇಳರಿಯದ ಭಾಗ್ಯವಿದು. ಅಲ್ಲಿಗೆ ಹೋಗಿ ಕೇಳುವ ಗಂಟಲು ಮಾತ್ರ ಕಾಯಿದೆಯಿಂದ ಬರುವುದಿಲ್ಲ. ಅದು ಮೊದಲು ತನ್ನ ಸ್ವಂತ ಸಂಘದಲ್ಲಿ ಪಳಗಬೇಕು. ನೀವು ಯಾವುದಾದರೂ ಒಂದು ಸಂಘಕ್ಕೆ ಸೇರಿಯೇ ಇರುವಿರಿ: ಹಾಲಿನ ಸಂಘವೋ, ಪತ್ತಿನ ಸಂಘವೋ, ಗಣೇಶನ ಮಂಡಳಿಯೋ, ಮಸೀದಿಯ ಸಮಿತಿಯೋ, ಶಾಲೆಯ ಮೇಲುಸ್ತುವಾರಿ ಸಮಿತಿಯೋ. ಈ ಸಲದ ವಾರ್ಷಿಕ ಸಭೆಗೆ ತಪ್ಪದೆ ಹೋಗಿರಿ. ವರದಿಯನ್ನು ಓದಿದಂತೆಯೇ ಭಾವಿಸತಕ್ಕದ್ದೆಂದು ಯಾರಾದರೂ ಹೇಳಿದರೆ ಒಪ್ಪಬೇಡಿರಿ, ಪೂರ್ತಿ ಓದಿಸಿರಿ. ಜಮಾ ಎಷ್ಟು, ಖರ್ಚು ಎಷ್ಟು, ಉಳಿದುದು ಯಾರ ಕೈಯಲ್ಲಿದೆ ಎಂದು ವಿನಯದಿಂದಲೇ ಕೇಳಿರಿ. ಹಾಗೆ ಕೇಳಿದವರನ್ನು ಮುಂದೆ ಪಂಚಾಯಿತಿಯ ಚಾವಡಿಯಲ್ಲಿಯೂ ನಗರಸಭೆಯ ಮೆಟ್ಟಿಲಿನಲ್ಲಿಯೂ ಯಾರೂ ಸುಮ್ಮನೆ ಕಳಿಸಲಾರರು.